ಹಿತ್ತಿಲಲ್ಲಿ ನಾಟಿ ಕೋಳಿ: ಬೇಲಿ, ಮೇವು, ಮೊಟ್ಟೆ ಬಗ್ಗೆ ಅನುಭವ ಇರುವವರು ಹೇಳಿ

ಕೊಪ್ಪದ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ಅಂಚಿನ ಮನೆ. ಹತ್ತು ಹೇಂಟೆ, ಒಂದು ಹುಂಜ ಸಾಕೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದ್ದೇವೆ. ಮಾರಾಟಕ್ಕಲ್ಲ. ಮಕ್ಕಳಿಗೆ ಒಳ್ಳೆ ಮೊಟ್ಟೆ ಸಿಗಬೇಕು, ತೋಟಕ್ಕೆ ಒಂದಿಷ್ಟು ಗೊಬ್ಬರ ಆಗಬೇಕು. ಕೋಳಿಗಳು ಮಣ್ಣು ಕೆದರಿಕೊಂಡು, ಹುಳ ಹುಪ್ಪಟೆ ತಿಂದುಕೊಂಡು ಬೆಳೆಯಲಿ ಅನ್ನುವುದು ನಮ್ಮ ಆಸೆ.

ಆದರೆ ಈ ಕಡೆ ಮುಂಗುಸಿ ಕಾಟ ಜಾಸ್ತಿ. ರಾತ್ರಿ ಕಬ್ಬೆಕ್ಕು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಬೇಲಿ ಹೇಗೆ ಹಾಕಬೇಕು? ಅಂಗಡಿ ಫೀಡ್ ಇಲ್ಲದೆ ನಡೆಯುತ್ತದಾ? ಮೊಟ್ಟೆ ಚೆನ್ನಾಗಿರಬೇಕು ಅಂದರೆ ಏನೇನು ನೋಡಿಕೊಳ್ಳಬೇಕು? ತಿಳಿದವರು ಬಿಡಿಸಿ ಬರೆಯಿರಿ.

ಮಂಡ್ಯದ ಅಕ್ಕ

ಮೊದಲು ಬೇಲಿ ಮುಗಿಸಿ, ಆಮೇಲೆ ಕೋಳಿ ತನ್ನಿ. ಮರಿ ಮನೆಗೆ ಬಂದ ಮೇಲೆ ಬಲೆ ಹುಡುಕುವವರೇ ಜಾಸ್ತಿ. ಅಷ್ಟರಲ್ಲಿ ಅರ್ಧ ಮರಿ ಹೋಗಿರುತ್ತವೆ.

ಅಂಗಡಿಯಲ್ಲಿ ಸಿಗುವ ಆರು ಮೂಲೆಯ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಮನಸ್ಸು ಮಾಡಿದರೆ ಅದನ್ನು ಹರಿದು ಹಾಕುತ್ತದೆ. ಚೈನ್‌ಲಿಂಕ್ ಗಟ್ಟಿ, ಆದರೆ ಕಣ್ಣು ದೊಡ್ಡದು. ಮುಂಗುಸಿ ಅದರೊಳಗೇ ನುಸುಳುತ್ತದೆ. ಅದಕ್ಕೆ ಎರಡನ್ನೂ ಸೇರಿಸಿ. ಸುತ್ತ ಐದಾರು ಅಡಿ ಎತ್ತರಕ್ಕೆ ಚೈನ್‌ಲಿಂಕ್, ಕೆಳಗಿನ ಎರಡು ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಈ ಮೆಶ್ ನೆಲಕ್ಕೆ ಬಂದ ಕಡೆ ಕತ್ತರಿಸಬೇಡಿ. ಹೊರಗಡೆಗೆ ಒಂದೂವರೆ ಅಡಿ ಮಡಚಿ, ನೆಲದ ಮೇಲೆ ಹಾಸಿ, ಮಣ್ಣು, ಕಲ್ಲು ಹೇರಿ. ಮುಂಗುಸಿ ಆಗಲಿ ನಾಯಿ ಆಗಲಿ ಬೇಲಿಯ ಬುಡಕ್ಕೇ ಬಂದು ಕೆರೆಯುತ್ತವೆ. ಕಾಲ ಕೆಳಗೆ ಮೆಶ್ ಸಿಕ್ಕರೆ ಹಿಂದಕ್ಕೆ ಸರಿದು ಕೆರೆಯಬೇಕು ಅನ್ನುವುದು ಅವಕ್ಕೆ ಹೊಳೆಯುವುದಿಲ್ಲ. ಆಳವಾಗಿ ಗುಂಡಿ ತೋಡಿ ಹೂಳುವುದಕ್ಕಿಂತ ಇದು ಸುಲಭ, ಖರ್ಚೂ ಕಡಿಮೆ.

ಕಂಬಕ್ಕೆ ದುಡ್ಡು ಸುರಿಯಬೇಡಿ. ಗ್ಲಿರಿಸಿಡಿಯಾ, ಅದೇ ಗೊಬ್ಬರದ ಗಿಡ, ಕೊಂಬೆ ಕಡಿದು ಮಳೆಗಾಲದ ಶುರುವಿಗೆ ನೆಟ್ಟರೆ ಬೇರು ಬಿಡುತ್ತದೆ. ಅದು ದಪ್ಪಗಾಗುವ ತನಕ ಬಿದಿರು ಗೂಟ ಕೊಟ್ಟರೆ ಸಾಕು. ಸೊಪ್ಪು ತೋಟದ ಗೊಬ್ಬರಕ್ಕೂ ಆಗುತ್ತದೆ.

ಇನ್ನೊಂದು ಮಾತು. ಬೇಲಿ ಮುಂಗುಸಿಗೆ ಮಾತ್ರ ಅಲ್ಲ. ಪಕ್ಕದ ಮನೆಯ ಸೊಪ್ಪಿನ ಮಡಿಗೆ ನಿಮ್ಮ ಕೋಳಿ ನುಗ್ಗಿದರೆ ವರ್ಷಗಳ ಸ್ನೇಹ ಒಂದೇ ಬೆಳಗ್ಗೆ ಕೆಡುತ್ತದೆ. ನಾಟಿ ಹೇಂಟೆ ಆರಡಿ ಸಲೀಸಾಗಿ ಹಾರುತ್ತದೆ. ಹಾರುವ ಚಾಳಿ ಇರುವ ಕೋಳಿಗೆ ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿ. ನೋವಾಗುವುದಿಲ್ಲ, ಗರಿ ಉದುರಿ ಹೊಸದು ಬಂದಾಗ ಮೊದಲಿನ ಹಾಗೇ ಆಗುತ್ತದೆ. ಆಗ ತಾನೇ ಮೂಡುತ್ತಿರುವ ಎಳೆ ಗರಿ ಮುಟ್ಟಬೇಡಿ, ಅದರಲ್ಲಿ ರಕ್ತ ಇರುತ್ತದೆ.

ಪುತ್ತೂರಿನ ಕೃಷಿಕ

ಅಕ್ಕ ಹೇಳಿದ್ದು ಹಗಲಿಗೆ ಸರಿ. ಆದರೆ ರೆಕ್ಕೆ ಕತ್ತರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ತೋಟದಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಹಾರಿ ಮರ ಹತ್ತುವುದೊಂದೇ ಕೋಳಿಗೆ ಉಳಿದಿರುವ ದಾರಿ. ಪಕ್ಕದಲ್ಲಿ ಮನೆ ಇಲ್ಲದ ತೋಟದಲ್ಲಿ ರೆಕ್ಕೆ ಹಾಗೇ ಇರಲಿ.

ಕೋಳಿ ಹೆಚ್ಚಾಗಿ ಹೋಗುವುದು ರಾತ್ರಿ ಹೊತ್ತು. ಹಾಗಾಗಿ ಇರುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಒಡ್ಡಿಗೆ, ಅಂದರೆ ಕೋಳಿ ರಾತ್ರಿ ಮಲಗುವ ಗೂಡಿಗೆ ಹಾಕಿ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಾಲು ಕೊಟ್ಟು ಕಟ್ಟಿ. ಹತ್ತು ಹನ್ನೊಂದು ಕೋಳಿ ಮಲಗಲು ಆರಡಿ ಉದ್ದ, ನಾಲ್ಕಡಿ ಅಗಲ ಧಾರಾಳ. ಕೂರುವ ಗಳ ಎರಡು ಇಂಚು ದಪ್ಪ ಇರಲಿ, ಒಂದೊಂದು ಕೋಳಿಗೆ ಮುಕ್ಕಾಲು ಅಡಿ ಜಾಗ ಸಿಗಲಿ. ಗಾಳಿ ಕಿಂಡಿ ಗೋಡೆಯ ಮೇಲ್ಭಾಗದಲ್ಲಿ, ಕೂತ ಕೋಳಿಯ ತಲೆಗಿಂತ ಎತ್ತರದಲ್ಲಿ ಇರಬೇಕು. ಕಿಂಡಿಗೂ ಅರ್ಧ ಇಂಚು ಮೆಶ್ ಹೊಡೆಯಲೇಬೇಕು. ಕೇರೆ ಹಾವು ಬರುವುದು ಅಲ್ಲಿಂದಲೇ. ಚಿಲಕ ಎರಡು ಇರಲಿ. ಸುಮ್ನೆ ಒರಗಿಸಿದ ಬಾಗಿಲನ್ನು ಕಬ್ಬೆಕ್ಕು ತೆಗೆಯುತ್ತದೆ.

ಮಳೆಗಾಲದಲ್ಲಿ ಜನ ಕಿಂಡಿ ಮುಚ್ಚಿ ಟಾರ್ಪಾಲ್ ಸುತ್ತುತ್ತಾರೆ. ಅದು ಕೋಳಿಗೆ ಒಳ್ಳೆಯದಲ್ಲ. ಚಳಿಯನ್ನು ಗರಿ ತಡೆಯುತ್ತದೆ. ಒಳಗೆ ಕಟ್ಟಿಕೊಂಡ ತೇವ, ಹಿಕ್ಕೆಯ ಘಾಟು ತಡೆಯಲು ಅದಕ್ಕೆ ಆಗುವುದಿಲ್ಲ. ಟಾರ್ಪಾಲ್ ಬೇಕಿದ್ದರೆ ಮಾಡಿನ ಹಾಗೆ ಮುಂದಕ್ಕೆ ಇಳಿಬಿಡಿ, ಗಾಳಿ ಆಡಲಿ.

ನೆಲದ ಮಟ್ಟದಲ್ಲಿ ನೈಲಾನ್ ಬಲೆ ಬೇಡ. ಹಾವು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ. ಬಿಡಿಸಲು ಹೋದವರಿಗೂ ಅಪಾಯ. ಗಿಡುಗದಿಂದ ಮರಿ ಉಳಿಸಲು ಮೇಲ್ಗಡೆ ಕಟ್ಟುವುದಾದರೆ ಸರಿ. ಇನ್ನು ಮುಂಗುಸಿ, ಉಡ ಇವಕ್ಕೆ ಉರುಳು, ವಿಷ ಇಡುವ ಯೋಚನೆ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕಿದೆ. ತೋಟದಲ್ಲಿ ಇಲಿ ಹೆಗ್ಗಣ ಹದ್ದುಬಸ್ತಿನಲ್ಲಿ ಇರುವುದೂ ಅವುಗಳಿಂದಲೇ ಅಲ್ವಾ?

ಧಾರವಾಡ ಜವಾರಿ

ಮೇವಿನ ವಿಷಯ ನಾನು ಬರೆಯುತ್ತೇನೆ ರೀ. ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಜವಾರಿ ಕೋಳಿ ಇವೆ.

ಹೊರಗೆ ಬಿಟ್ಟ ಕೋಳಿ ಹುಳ, ಹುಲ್ಲಿನ ಬೀಜ, ಎಳೆ ಚಿಗುರು ಎಲ್ಲ ತಿನ್ನುತ್ತದೆ. ಆದರೆ ಹತ್ತು ಕೋಳಿಗೆ ವರ್ಷವಿಡೀ ಸಾಲುವಷ್ಟು ಹುಳ ಒಂದು ಹಿತ್ತಿಲಲ್ಲಿ ಇರುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು ನೂರು ಗ್ರಾಂ ಆಹಾರ ಬೇಕು. ಜಾಗ ಚೆನ್ನಾಗಿದ್ದರೆ ಅರ್ಧದಷ್ಟು ಅದೇ ಹುಡುಕಿಕೊಳ್ಳುತ್ತದೆ. ಉಳಿದದ್ದನ್ನು ನಾವು ಕೊಡಬೇಕು. ಸಂಜೆ ಹೊತ್ತು ಕೊಡಿ. ಬೆಳಗ್ಗೆ ಹೊಟ್ಟೆ ತುಂಬಿದರೆ ಮೇಯಲು ಹೋಗುವುದಿಲ್ಲ. ಸಂಜೆ ಕಾಳು ಸಿಗುತ್ತದೆ ಅಂತ ಗೊತ್ತಾದರೆ ಕರೆಯದೇ ಗೂಡಿಗೆ ಬರುತ್ತವೆ.

ಬರೀ ಜೋಳ, ಬರೀ ನುಚ್ಚಕ್ಕಿ ಹಾಕಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ಇಡುವುದಿಲ್ಲ. ಅದಕ್ಕೆ ಪ್ರೋಟೀನ್ ಬೇಕು. ಹತ್ತು ಕೆಜಿ ಮಿಶ್ರಣಕ್ಕೆ ನಾವು ಹಾಕುವುದು ಹೀಗೆ: ಒಡೆದ ಮೆಕ್ಕೆಜೋಳ ನಾಲ್ಕು ಕೆಜಿ, ಜೋಳ ಅಥವಾ ರಾಗಿ ಒಂದೂವರೆ, ಸೋಯಾ ಹಿಂಡಿ ಒಂದೂವರೆ, ಅಕ್ಕಿ ತೌಡು ಒಂದೂವರೆ, ಉಪ್ಪು ಹಾಕದ ಒಣಮೀನಿನ ಪುಡಿ ಅರ್ಧ ಕೆಜಿ, ಕಪ್ಪೆಚಿಪ್ಪಿನ ಪುಡಿ ಮುಕ್ಕಾಲು ಕೆಜಿ, ಉಳಿದ ಕಾಲು ಕೆಜಿ ಖನಿಜ ಮಿಶ್ರಣ. ಪ್ರೋಟೀನ್ ಶೇಕಡಾ 15–16 ಬರುತ್ತದೆ. ಮೇಯುವ ಕೋಳಿಗೆ ಇಷ್ಟು ಸಾಕು. ಮೀನಿಗೆ ಉಪ್ಪು ಹಚ್ಚಿದ್ದರೆ ಬಿಟ್ಟುಬಿಡಿ, ಉಪ್ಪು ಜಾಸ್ತಿಯಾದರೆ ಕೋಳಿ ಸಾಯುತ್ತದೆ.

ಶೇಂಗಾ ಹಿಂಡಿ ಅಗ್ಗಕ್ಕೆ ಸಿಗುತ್ತದೆ. ಹೊಸದಾಗಿ ಗಾಣದಿಂದ ಬಂದದ್ದಾದರೆ ಕೊಡಿ. ಮಲೆನಾಡಿನ ತೇವದಲ್ಲಿ ಅದಕ್ಕೆ ಬೇಗ ಬೂಷ್ಟು ಬರುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಕೋಳಿಯ ಯಕೃತ್ತನ್ನು ತಿಂದು ಹಾಕುತ್ತದೆ. ತೊಳೆದರೂ ಬಿಸಿಲಿಗಿಟ್ಟರೂ ಹೋಗುವುದಿಲ್ಲ. ಬೂಷ್ಟು ಕಂಡ ಯಾವ ಕಾಳೂ ಕೋಳಿಗೆ ಬೇಡ.

ಮರಿಗಳಿಗೆ ಗೆದ್ದಲು ಬಹಳ ಒಳ್ಳೆಯದು. ಹಳೇ ಗಡಿಗೆಯಲ್ಲಿ ಒದ್ದೆ ಸಗಣಿ, ಹುಲ್ಲು ತುಂಬಿ, ಗೆದ್ದಲು ಇರುವ ಕಡೆ ರಾತ್ರಿ ಬೋರಲು ಹಾಕಿಡಿ. ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ.

ಕೊಪ್ಪದ ತೋಟದಮನೆ

ಅಜೋಲಾ, ಅದೇ ನೀರಿನ ಮೇಲೆ ತೇಲುವ ಸಣ್ಣ ಹಸಿರು ಗಿಡ, ಬೆಳೆದರೆ ಕಾಳೇ ಬೇಡ ಅಂತ ಎಲ್ಲ ಕಡೆ ಹೇಳುತ್ತಾರೆ. ನಿಜವಾ?

ಧಾರವಾಡ ಜವಾರಿ

ಇಲ್ಲ. ಒಣಗಿಸಿ ತೂಗಿದರೆ ಅಜೋಲಾದಲ್ಲಿ ಪ್ರೋಟೀನ್ ಶೇಕಡಾ 20ರ ಮೇಲೆ ಇದೆ. ಆದರೆ ಹಸಿಯಾಗಿ ಎತ್ತಿದಾಗ ಅದರಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ನೀರೇ. ಕೋಳಿಯ ಹೊಟ್ಟೆ ಚಿಕ್ಕದು. ನೀರು ತುಂಬಿಕೊಂಡರೆ ಕಾಳಿಗೆ ಜಾಗ ಇರುವುದಿಲ್ಲ. ಸೊಪ್ಪಿನ ಹಾಗೆ ಒಂದೊಂದು ಹಿಡಿ ಕೊಡಿ. ನುಗ್ಗೆಸೊಪ್ಪು, ಅಗಸೆಸೊಪ್ಪು ಕಟ್ಟಿ ನೇತುಹಾಕಿದರೂ ಅದೇ ಕೆಲಸ ಆಗುತ್ತದೆ.

ನಿವೃತ್ತ ಪಶುವೈದ್ಯ

ಬೇಲಿ, ಮೇವು ಎರಡೂ ಚೆನ್ನಾಗಿ ಬಂದಿದೆ. ಲಸಿಕೆಯ ಮಾತು ಇನ್ನೂ ಯಾರೂ ಎತ್ತಿಲ್ಲ. ಹಳ್ಳಿ ಕೋಳಿಗೆ ಮುಂಗುಸಿಗಿಂತ ದೊಡ್ಡ ಶತ್ರು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಮುಂಗುಸಿ ಒಂದೋ ಎರಡೋ ಒಯ್ಯುತ್ತದೆ. ಈ ರೋಗ ಬಂದರೆ ಒಂದು ವಾರದಲ್ಲಿ ಊರಿನ ಗೂಡುಗಳೆಲ್ಲ ಖಾಲಿ. ಬಿಳಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ರೆಕ್ಕೆ ಜೋಲುವುದು, ಆಮೇಲೆ ಕುತ್ತಿಗೆ ತಿರುಚಿಕೊಳ್ಳುವುದು. ಬಂದ ಮೇಲೆ ಇದಕ್ಕೆ ಔಷಧ ಇಲ್ಲ. ಮೊದಲೇ ಲಸಿಕೆ ಹಾಕಿಸಿದರೆ ತಡೆಯಬಹುದು.

ಮರಿಗೆ ಐದರಿಂದ ಏಳು ದಿನ ಆದಾಗ ಎಫ್-1 ಅಥವಾ ಲಸೋಟ ಅನ್ನುವ ರಾಣಿಖೇತ್ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೊಮ್ಮೆ ಲಸೋಟ. ಎಂಟು ವಾರದ ಸುಮಾರಿಗೆ ಅದೇ ರೋಗಕ್ಕೆ ಆರ್2ಬಿ ಅನ್ನುವ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನು ಅದೇ ವಯಸ್ಸಿನ ಆಸುಪಾಸಿನಲ್ಲಿ ರೆಕ್ಕೆಯ ಚರ್ಮಕ್ಕೆ ಹಾಕುತ್ತಾರೆ. ನಿಮ್ಮ ಕಡೆ ಯಾವ ಯಾವ ರೋಗ ಇದೆ ಎನ್ನುವುದನ್ನು ನೋಡಿ ಊರಿನ ಪಶು ಆಸ್ಪತ್ರೆಯವರು ಇದರಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಅವರ ಮಾತು ಕೇಳಿ. ಆರ್2ಬಿಗೆ ಒಂದು ವಾರ ಮೊದಲು ಜಂತುಹುಳದ ಔಷಧ ಕೊಟ್ಟರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಮಂಕಾಗಿರುವ ಕೋಳಿಗೆ ಅವತ್ತು ಹಾಕಬೇಡಿ.

ಲಸಿಕೆ ಕೆಡುವುದು ಹೆಚ್ಚಾಗಿ ಬಿಸಿಯಿಂದ. ಅಂಗಡಿಯಿಂದ ಮನೆಗೆ ಬರುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಅಂತ ಎತ್ತಿಡಬೇಡಿ.

ಇನ್ನು ಮರಿಗಳಿಗೆ ಮೂರರಿಂದ ಆರು ವಾರದ ವಯಸ್ಸಿನಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಇರಬಹುದು. ಕರುಳಿಗೆ ತಗಲುವ, ಒದ್ದೆ ನೆಲದ ರೋಗ ಇದು. ಮಲೆನಾಡಿನಲ್ಲಿ ಜೂನ್, ಜುಲೈನಲ್ಲಿ ಮರಿ ಮಾಡಿಸದೆ, ದೀಪಾವಳಿ ಕಳೆದ ಮೇಲೆ ಕಾವಿಗೆ ಕೂರಿಸಿದರೆ ಈ ತೊಂದರೆ ತುಂಬಾ ತಪ್ಪುತ್ತದೆ. ಗೂಡಿನ ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಒಣ ದರಗು ಹಾಕಿ, ಎರಡು ದಿನಕ್ಕೊಮ್ಮೆ ಕೆದಕಿ. ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ಒದ್ದೆಯಾದರೆ ತೆಗೆದು ಹೊಸದು ಹಾಕಿ.

ಹೊಸನಗರ ಸಾವಯವ

ಡಾಕ್ಟರ್ ಸಾರ್, ಗೌರವ ಇಟ್ಟೇ ಕೇಳುತ್ತೇನೆ. ನೈಸರ್ಗಿಕವಾಗಿ ಸಾಕಬೇಕು ಅಂತ ಹೊರಟವರಿಗೆ ಇಷ್ಟೊಂದು ಲಸಿಕೆ ಯಾಕೆ? ನಮ್ಮ ಹಿರಿಯರು ಅರಿಶಿನ, ಬೆಳ್ಳುಳ್ಳಿ, ಬೇವಿನ ಸೊಪ್ಪು ಕೊಟ್ಟೇ ಸಾಕಿದರು. ನಾಟಿ ಕೋಳಿಗೆ ರೋಗ ತಡೆಯುವ ಶಕ್ತಿ ಜಾಸ್ತಿ ಅಂತಾರಲ್ಲ?

ನಿವೃತ್ತ ಪಶುವೈದ್ಯ

ಒಳ್ಳೆ ಪ್ರಶ್ನೆ. ನಾಟಿ ಕೋಳಿ ಬಿಸಿಲು ತಾಳುತ್ತದೆ, ಒರಟು ಮೇವು ಅರಗಿಸಿಕೊಳ್ಳುತ್ತದೆ, ಶತ್ರು ಕಂಡರೆ ಓಡುತ್ತದೆ. ಈ ಎಲ್ಲದರಲ್ಲಿ ಅದು ಫಾರಂ ಕೋಳಿಗಿಂತ ಗಟ್ಟಿ. ಆದರೆ ರಾಣಿಖೇತ್ ವೈರಸ್ ನಾಟಿ ಕೋಳಿಯನ್ನೂ ಬಿಡುವುದಿಲ್ಲ. ಹಿರಿಯರ ಕಾಲದಲ್ಲೂ ಬೇಸಿಗೆ ಬಂತೆಂದರೆ ಊರಿಗೆ ಊರೇ ಕೋಳಿ ಕಳೆದುಕೊಳ್ಳುತ್ತಿತ್ತು. ಉಳಿದ ಒಂದೆರಡರಿಂದ ಮತ್ತೆ ಶುರು ಮಾಡುತ್ತಿದ್ದರು. ವಯಸ್ಸಾದವರನ್ನು ಕೇಳಿ ನೋಡಿ, ಹೇಳುತ್ತಾರೆ.

ಬೆಳ್ಳುಳ್ಳಿ, ಅರಿಶಿನ ಕೊಡಿ, ತೊಂದರೆ ಇಲ್ಲ. ಲಸಿಕೆಯ ಬದಲಿಗೆ ಅಂತ ಮಾತ್ರ ಕೊಡಬೇಡಿ. ಹೇನಿಗೆ ನಿಮ್ಮ ಹಳೇ ದಾರಿಯೇ ಸರಿ. ಒಲೆ ಬೂದಿ, ಒಣ ಮಣ್ಣು ಬೆರೆಸಿ ಮಳೆ ಬೀಳದ ಕಡೆ ಒಂದು ಗುಂಡಿಯಲ್ಲಿ ಹಾಕಿಡಿ. ಕೋಳಿ ಅದರಲ್ಲಿ ಹೊರಳಾಡಿ ತಾನೇ ಮೈ ಶುದ್ಧ ಮಾಡಿಕೊಳ್ಳುತ್ತದೆ. ಗೂಡಿನ ಸಂದುಗಳಿಗೆ ಸುಣ್ಣ ಬಳಿಯಿರಿ.

ನನ್ನ ಅಭಿಪ್ರಾಯ ಹೇಳುವುದಾದರೆ, ಲಸಿಕೆ ಹಾಕಿಸಿದವರೇ ಆಂಟಿಬಯಾಟಿಕ್ ಇಲ್ಲದೆ ಕೋಳಿ ಸಾಕಬಲ್ಲರು. ಲಸಿಕೆ ಬಿಟ್ಟವರು ಕೋಳಿ ಬಿದ್ದಾಗ ಗಾಬರಿಯಿಂದ ಕೈಗೆ ಸಿಕ್ಕ ಮಾತ್ರೆ ಎಲ್ಲ ಕೊಡುತ್ತಾರೆ. ಅದು ಮೊಟ್ಟೆಗೆ ಇಳಿಯುತ್ತದೆ. ಕೊಲಿಸ್ಟಿನ್ ಅನ್ನುವ ಔಷಧವನ್ನು ಕೋಳಿ, ದನಗಳಿಗೆ ಬಳಸಬಾರದು ಎಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಾಗ ಕೊಡುವ ಔಷಧ ಅದು.

ಬೆಂಗಳೂರಿನ ಹಿತ್ತಿಲು

ಮೊಟ್ಟೆಯ ಬಗ್ಗೆ ನನ್ನದೊಂದು ಪ್ರಶ್ನೆ. ನಾಟಿ ಮೊಟ್ಟೆ ಅಂದರೆ ಕಂದು ಸಿಪ್ಪೆ, ಕಡು ಹಳದಿ ಭಂಡಾರ ಅಂತ ನೋಡಿ ತರುತ್ತೇವೆ. ಅದು ಸರಿಯಾದ ಗುರುತಾ?

ಮಂಡ್ಯದ ಅಕ್ಕ

ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಂಡಾರದ ಬಣ್ಣ ತಿಂದ ಸೊಪ್ಪು, ಮೆಕ್ಕೆಜೋಳದಿಂದ ಬರುತ್ತದೆ. ಚೆಂಡು ಹೂವಿನ ಸತ್ವ ಫೀಡಿಗೆ ಬೆರೆಸಿದರೆ ಪಂಜರದ ಕೋಳಿಯ ಭಂಡಾರವೂ ಕಿತ್ತಳೆ ಆಗುತ್ತದೆ. ಬಣ್ಣ ನೋಡಿ ನಂಬುವುದಕ್ಕಿಂತ ಕೋಳಿ ಎಲ್ಲಿ ಮೇಯುತ್ತದೆ ಅಂತ ನೋಡುವುದು ಮೇಲು. ಪ್ರೋಟೀನ್ ನಾಟಿ ಮೊಟ್ಟೆ, ಫಾರಂ ಮೊಟ್ಟೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಹಸಿರು ಮೇಯ್ದ, ಬಿಸಿಲಿಗೆ ಓಡಾಡಿದ ಕೋಳಿಯ ಮೊಟ್ಟೆಯಲ್ಲಿ ಒಮೇಗಾ-3, ಡಿ ಮತ್ತು ಇ ವಿಟಮಿನ್ ಜಾಸ್ತಿ ಇರುತ್ತವೆ. ಹಾಗಾಗಿ ಮೇಯಲು ಬಿಟ್ಟದ್ದು ವ್ಯರ್ಥ ಅಲ್ಲ.

ಮೊಟ್ಟೆ ತೊಳೆಯಬೇಡಿ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಇರುತ್ತದೆ. ಸಿಪ್ಪೆಯ ಸಾವಿರಾರು ಸಣ್ಣ ರಂಧ್ರಗಳನ್ನು ಅದು ಮುಚ್ಚಿರುತ್ತದೆ. ತಣ್ಣೀರಲ್ಲಿ ತೊಳೆದರೆ ಪೊರೆ ಹೋಗುವುದಲ್ಲದೆ, ಒಳಗಿನದು ಕುಗ್ಗಿ ಹೊರಗಿನ ಕೊಳೆಯನ್ನು ಎಳೆದುಕೊಳ್ಳುತ್ತದೆ. ಮೆತ್ತಿದ್ದನ್ನು ಒಣ ಬಟ್ಟೆಯಲ್ಲಿ ಒರೆಸಿ. ತೀರಾ ಗಲೀಜಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಆವತ್ತೇ ಬೇಯಿಸಿ. ಮೊಟ್ಟೆ ಇಡುವ ಬುಟ್ಟಿಗೆ ಒಣ ಹುಲ್ಲು ಬದಲಿಸುತ್ತಿದ್ದರೆ, ದಿನಕ್ಕೆ ಎರಡು ಸಲ ಎತ್ತಿಕೊಂಡರೆ ತೊಳೆಯುವ ಪ್ರಸಂಗವೇ ಬರುವುದಿಲ್ಲ. ಚೂಪು ತುದಿ ಕೆಳಗೆ ಮಾಡಿ ಇಡಿ.

ನೀರಿನಲ್ಲಿ ತೇಲಿಸಿ ನೋಡುವುದು ಹಳತೋ ಹೊಸತೋ ತಿಳಿಯಲು ಮಾತ್ರ. ಮುಳುಗಿದ ಮೊಟ್ಟೆಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ, ಬಸುರಿಯರಿಗೆ ಭಂಡಾರ ಗಟ್ಟಿಯಾಗುವ ತನಕ ಬೇಯಿಸಿಯೇ ಕೊಡಿ. ಹಸಿ ಮೊಟ್ಟೆ ಕುಡಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ.

ನಿವೃತ್ತ ಪಶುವೈದ್ಯ

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಸಿಪ್ಪೆ ತೆಳುವಾದರೆ ಅಥವಾ ಸಿಪ್ಪೆ ಗಟ್ಟಿಯಾಗದ ತೋಲು ಮೊಟ್ಟೆ ಬಂದರೆ ಮೊದಲು ಕ್ಯಾಲ್ಸಿಯಂ ನೋಡಿ. ಸಿಪ್ಪೆಯಲ್ಲಿ ಶೇಕಡಾ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆ ಸಿಪ್ಪೆ ಕೊಡುವುದಾದರೆ ಹುರಿದು ನುಣ್ಣಗೆ ಪುಡಿ ಮಾಡಿ. ಸಿಪ್ಪೆಯ ಆಕಾರ ಹಾಗೇ ಇದ್ದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಬಹುದು. ಮರಿಗಳಿಗೆ ಮಾತ್ರ ಈ ಸುಣ್ಣದಂಶದ ಮೇವು ಬೇಡ, ಮೂತ್ರಪಿಂಡ ಕೆಡುತ್ತದೆ. ಅವಕ್ಕೆ ಮೊದಲ ಎಂಟು ವಾರ ಶೇಕಡಾ 20ರಷ್ಟು ಪ್ರೋಟೀನ್ ಇರುವ ಬೇರೆ ಮೇವು.

ಜಂತುಹುಳದ್ದೋ ಬೇರೆಯದೋ ಔಷಧ ಕೊಟ್ಟರೆ ಪ್ಯಾಕೆಟ್ ಮೇಲೆ ಬರೆದಷ್ಟು ದಿನ ಮೊಟ್ಟೆ ತಿನ್ನಬೇಡಿ.

ಪುತ್ತೂರಿನ ಕೃಷಿಕ

ಅಡಿಕೆಯವರಿಗೆ ಬೇರೆಯದೇ ಒಂದು ಎಚ್ಚರಿಕೆ ಇದೆ. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ, ಹೊಡೆಯುವ ದಿನ ಕೋಳಿ ಹೊರಗೆ ಬಿಡಬೇಡಿ. ಮೈಲುತುತ್ತು ತಾಮ್ರದ ಉಪ್ಪು. ಕಲಸಿದ ಡ್ರಮ್ಮಿನ ಬುಡದಲ್ಲಿ ನಿಂತ ನೀರನ್ನು ಕೋಳಿ ಕುಡಿಯುತ್ತದೆ. ಡ್ರಮ್ಮು, ಬಕೆಟ್ ಬೋರಲು ಹಾಕಿ. ಸಿಂಪಡಿಸಿದ ಭಾಗವನ್ನು ಕೆಲವು ದಿನ ಬೇಲಿಯಿಂದ ಬೇರೆ ಮಾಡಿ. ಹರಳು ರೂಪದ ಕೀಟನಾಶಕ ಇನ್ನೂ ಅಪಾಯ. ಕೋಳಿ ಅದನ್ನು ಕಾಳು ಅಂದುಕೊಂಡು ಹೆಕ್ಕುತ್ತದೆ. ಕೋಳಿ ಮೇಯುವ ತೋಟಕ್ಕೆ ಅದನ್ನು ತರಲೇಬೇಡಿ. ಹುಳ ತಿಂದ ಕೋಳಿಯ ಮೊಟ್ಟೆ ಆರೋಗ್ಯ ಅನ್ನುತ್ತೇವೆ. ಆ ಹುಳ ಏನು ತಿಂದಿದೆ ಅನ್ನುವುದನ್ನೂ ನೋಡಬೇಕು.

ಕೊಪ್ಪದ ತೋಟದಮನೆ

ಬೋರ್ಡೋ ವಿಷಯ ನಮಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಯಾವ ತಳಿ ತರಲಿ? ಗಿರಿರಾಜ ಮೊಟ್ಟೆ ಜಾಸ್ತಿ ಇಡುತ್ತದೆ ಅಂತಾರೆ.

ಧಾರವಾಡ ಜವಾರಿ

ಜವಾರಿ, ಗಿರಿರಾಜ ಎರಡನ್ನೂ ಸೇರಿಸಿ ತನ್ನಿ. ಜವಾರಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತದೆ. ಗಿರಿರಾಜ ನೂರು ದಾಟುತ್ತದೆ. ಅದು ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ತಯಾರಾದ ತಳಿ, ಸ್ವರ್ಣಧಾರವೂ ಅಲ್ಲಿಯದೇ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಮೈ ಭಾರ, ನಾಯಿ ಬಂದರೆ ಓಡಲೂ ಕಷ್ಟ. ಮರಿ ಮಾಡಲು ಜವಾರಿ ಹೇಂಟೆಯೇ ಬೇಕು. ಅದರ ಅಡಿಯಲ್ಲಿ ಗಿರಿರಾಜದ ಮೊಟ್ಟೆ ಇಟ್ಟರೂ ತಾಯಿಯ ಹಾಗೇ ಕಾಯುತ್ತದೆ.

ಒಂದು ವಾರದೊಳಗಿನ ಮೊಟ್ಟೆ ಆರಿಸಿ, ಹತ್ತು ಹನ್ನೆರಡು ಇಡಿ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಳಗೆ ರಕ್ತನಾಳದ ಎಳೆ ಕಾಣುತ್ತದೆ. ಕಾಣದ್ದನ್ನು ತೆಗೆದುಬಿಡಿ. ಇಪ್ಪತ್ತೊಂದನೇ ದಿನಕ್ಕೆ ಮರಿ ಬರುತ್ತವೆ.

ಬೆಂಗಳೂರಿನ ಹಿತ್ತಿಲು

ಹಕ್ಕಿಜ್ವರದ ಭಯದಿಂದ ನಮ್ಮ ಮನೆಯಲ್ಲಿ ಕೋಳಿ ಸಾಕಲು ಬಿಡುತ್ತಿಲ್ಲ. ಹಿತ್ತಿಲ ಕೋಳಿಗೂ ಬರುತ್ತದಾ?

ನಿವೃತ್ತ ಪಶುವೈದ್ಯ

ಬರಬಹುದು. 2020ರ ಮಾರ್ಚ್‌ನಲ್ಲಿ ಮೈಸೂರು, ಹರಿಹರದ ಕಡೆ, 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕಂಡಿತ್ತು. ಹತ್ತಿರದಲ್ಲಿ ಸುದ್ದಿ ಇದ್ದಾಗ ಕೋಳಿಗಳನ್ನು ಬೇಲಿಯೊಳಗೇ ಇಡಿ. ನೀರು, ಮೇವಿನ ಪಾತ್ರೆ ಮಾಡಿನ ಕೆಳಗಿರಲಿ, ಕಾಡುಹಕ್ಕಿ ಬಂದು ಕೂರದ ಹಾಗೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ವಾರ ಬೇರೆ ಇಟ್ಟು ಆಮೇಲೆ ಸೇರಿಸಿ. ಒಂದೇ ಸಲ ತುಂಬಾ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ತಿನ್ನಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಭಯಪಟ್ಟು ಸಾಕುವುದನ್ನೇ ಬಿಡುವ ಅಗತ್ಯ ಇಲ್ಲ.

ಕೊಪ್ಪದ ತೋಟದಮನೆ

ಎಲ್ಲರಿಗೂ ಧನ್ಯವಾದ. ಆರು ಜವಾರಿ, ನಾಲ್ಕು ಗಿರಿರಾಜ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಅಕ್ಕ ಹೇಳಿದ ಹಾಗೆ ಮೊದಲು ಬೇಲಿ. ಆದರೆ ಲಸಿಕೆ ನೂರು, ಇನ್ನೂರು ಕೋಳಿಯ ಬಾಟಲಿಯಲ್ಲೇ ಸಿಗುತ್ತದಂತೆ. ಹತ್ತು ಮರಿಗೆ ಒಂದು ಬಾಟಲಿ ಒಡೆಯುವುದು ಹೇಗೆ ಡಾಕ್ಟರ್ ಸಾರ್?

ನಿವೃತ್ತ ಪಶುವೈದ್ಯ

ಅಕ್ಕಪಕ್ಕದ ಮನೆಗಳನ್ನು ಸೇರಿಸಿಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮುಂಚೆ ಒಂದು ದಿನ ಗೊತ್ತು ಮಾಡಿ. ಊರಲ್ಲಿ ಒಂದೇ ಮನೆ ಲಸಿಕೆ ಹಾಕಿಸಿದರೆ ಅರ್ಧ ರಕ್ಷಣೆ. ಸುತ್ತಲಿನ ಎಲ್ಲರೂ ಹಾಕಿಸಿದರೆ ರೋಗಕ್ಕೆ ಬರಲು ದಾರಿ ಇರುವುದಿಲ್ಲ. ಹಾಗಾಗಿ ದೊಡ್ಡ ಬಾಟಲಿ ಒಳ್ಳೆಯದೇ.

ಜಯಪುರ ಕಾಫಿ ತೋಟ

ನಾವು ನಿಮ್ಮ ಪಕ್ಕದವರೇ. ನಮ್ಮಲ್ಲೂ ಮರಿಗಳಿವೆ, ಕೆಳಗಿನ ಲೈನ್ ಮನೆಗಳಲ್ಲೂ ಇವೆ. ಐಸ್ ಹಾಕಿ ತರುವ ಡಬ್ಬ ನಮ್ಮ ಬಳಿ ಇದೆ. ನಿಮ್ಮ ಮರಿ ಬಂದ ದಿನ ಇಲ್ಲೇ ಒಂದು ಮಾತು ಹಾಕಿ, ಬಾಟಲಿ ನಾನು ತರುತ್ತೇನೆ.